ಪಿ-ಮೌಲ್ಯ 0.136 ಬಂದರೆ 'ಪರಿಣಾಮವಿಲ್ಲ' ಎಂದು ಬರೆಯಬಹುದೇ? ರಿಗ್ರೆಶನ್ ಟೇಬಲ್ ಓದುವುದರ ಬಗ್ಗೆ

ಹೊಸಬೇರು:
ಎಲ್ಲರಿಗೂ ನಮಸ್ಕಾರ. ನನ್ನದು ಶಿಕ್ಷಣ ಸಂಶೋಧನೆ, ಸಂಖ್ಯಾಶಾಸ್ತ್ರ ಈಗಷ್ಟೇ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆಂದು ತಯಾರಿಸಿದ ಒಂದು ಕೃತಕ ದತ್ತಾಂಶ ಕೊಟ್ಟಿದ್ದಾರೆ. 120 ವಿದ್ಯಾರ್ಥಿಗಳಿದ್ದಾರೆ, ಅಂತಿಮ ಪರೀಕ್ಷೆ 100 ಅಂಕಗಳದ್ದು. ಇದರ ಮೇಲೆ ಸಾಮಾನ್ಯ ಲೀನಿಯರ್ ರಿಗ್ರೆಶನ್ ಮಾಡಿ ಒಂದು ಪುಟದ ವರದಿ ಬರೆಯಬೇಕು. ಬಂದದ್ದು ಇಷ್ಟು (ಗುಣಾಂಕ ಎಂದರೆ ಉಳಿದವು ಸಮನಾಗಿದ್ದು ಆ ವೇರಿಯೆಬಲ್ ಒಂದರಷ್ಟು ಹೆಚ್ಚಾದಾಗ ಅಂಕದಲ್ಲಿ ಕಾಣುವ ಸರಾಸರಿ ವ್ಯತ್ಯಾಸ, ಸ್ಟ್ಯಾಂಡರ್ಡ್ ಎರರ್ ಎಂದರೆ ಆ ಅಂದಾಜಿನ ಅನಿಶ್ಚಿತತೆ):

ದಿನಕ್ಕೆ ಓದಿದ ಗಂಟೆ: ಗುಣಾಂಕ 1.2, ಸ್ಟ್ಯಾಂಡರ್ಡ್ ಎರರ್ 0.5, ಪಿ = 0.018
ದಿನಕ್ಕೆ ನಿದ್ದೆಯ ಗಂಟೆ: ಗುಣಾಂಕ 0.9, ಸ್ಟ್ಯಾಂಡರ್ಡ್ ಎರರ್ 0.6, ಪಿ = 0.136
ಹಿಂದಿನ ಪರೀಕ್ಷೆಯ ಅಂಕ: ಗುಣಾಂಕ 0.55, ಸ್ಟ್ಯಾಂಡರ್ಡ್ ಎರರ್ 0.06, ಪಿ < 0.001
ಕೋಚಿಂಗ್ (ಹೋದರೆ 1, ಇಲ್ಲದಿದ್ದರೆ 0): ಗುಣಾಂಕ −2.1, ಸ್ಟ್ಯಾಂಡರ್ಡ್ ಎರರ್ 1.6, ಪಿ = 0.19
ಆರ್-ಸ್ಕ್ವೇರ್ 0.48, ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್ 8.4

ನಾನು ಬರೆಯಬೇಕೆಂದಿರುವುದು: "ಓದಿನ ಸಮಯ ಅಂಕದ ಮೇಲೆ ಪರಿಣಾಮ ಬೀರುತ್ತದೆ ಎನ್ನಲು ಶೇ. 98.2 ಸಂಭವನೀಯತೆ ಇದೆ. ನಿದ್ದೆ ಮತ್ತು ಕೋಚಿಂಗ್‌ಗೆ ಪರಿಣಾಮವಿಲ್ಲ. ಓದು ನಿದ್ದೆಗಿಂತ ಮುಖ್ಯ." ಇದು ಸರಿಯೇ? ಸ್ಟಾರ್ (ಪಿ 0.05ಕ್ಕಿಂತ ಕಡಿಮೆ ಇದ್ದಾಗ ಸಾಫ್ಟ್‌ವೇರ್ ಹಾಕುವ ಗುರುತು) ಬಾರದ ಎರಡು ವೇರಿಯೆಬಲ್‌ಗಳನ್ನು ತೆಗೆದು ಮತ್ತೆ ಓಡಿಸಬೇಕೇ?

ಮಳೆಹನಿ:
ನಿಮ್ಮ ವಾಕ್ಯಗಳನ್ನು ಒಂದೊಂದಾಗಿ ನೋಡೋಣ.

ಶೇ. 98.2 ಎಂಬುದು ಟೇಬಲ್‌ನಲ್ಲಿ ಎಲ್ಲೂ ಇಲ್ಲ. ಪಿ-ಮೌಲ್ಯವನ್ನು ಲೆಕ್ಕ ಹಾಕುವಾಗ ಶೂನ್ಯ ಊಹೆ ನಿಜ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ಓದಿನ ಗುಣಾಂಕ ನಿಜಕ್ಕೂ ಸೊನ್ನೆ, ಮಾದರಿಯ ಉಳಿದ ಷರತ್ತುಗಳೂ ಸರಿ ಎಂದಿಟ್ಟುಕೊಂಡರೆ, 2.4 ಅಥವಾ ಅದಕ್ಕೂ ದೂರದ ಟಿ-ಮೌಲ್ಯ (ಗುಣಾಂಕವನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದ್ದು, ಯಾವ ದಿಕ್ಕಿನಲ್ಲಾದರೂ) ಬರುವ ಸಂಭವನೀಯತೆ 0.018. ಊಹೆ ನಿಜವಾಗಿರುವ ಸಂಭವನೀಯತೆ ಬೇರೆಯೇ ಲೆಕ್ಕ. ಅದಕ್ಕೆ ದತ್ತಾಂಶ ನೋಡುವ ಮೊದಲು ಆ ಊಹೆ ಎಷ್ಟು ನಂಬಲರ್ಹವಾಗಿತ್ತು ಎಂಬುದೂ ಗೊತ್ತಿರಬೇಕು. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೊರಡಿಸಿದ ಹೇಳಿಕೆಯ ಆರು ಅಂಶಗಳಲ್ಲಿ ಎರಡನೆಯದೇ ಇದು: ಊಹೆ ನಿಜವಾಗಿರುವ ಸಂಭವನೀಯತೆಯನ್ನು ಪಿ-ಮೌಲ್ಯ ಅಳೆಯುವುದಿಲ್ಲ.

ಒಂದು ಲೆಕ್ಕ ನೋಡಿ. 100 ಊಹೆಗಳನ್ನು ಪರೀಕ್ಷಿಸುತ್ತೀರಿ, ಅವುಗಳಲ್ಲಿ 10ರಲ್ಲಿ ಮಾತ್ರ ನಿಜವಾದ ಪರಿಣಾಮವಿದೆ. ಪರೀಕ್ಷೆಯ ಪವರ್ (ನಿಜವಾದ ಪರಿಣಾಮವನ್ನು ಹಿಡಿಯುವ ಸಂಭವನೀಯತೆ) ಶೇ. 50 ಆದರೆ ಆ ಹತ್ತರಲ್ಲಿ 5 ಸಿಗುತ್ತವೆ. ಉಳಿದ 90ರಲ್ಲಿ ಶೇ. 5, ಅಂದರೆ ಸರಾಸರಿ 4.5, ಆಕಸ್ಮಿಕವಾಗಿ ಸ್ಟಾರ್ ಪಡೆಯುತ್ತವೆ. ಸ್ಟಾರ್ ಸಿಕ್ಕವುಗಳಲ್ಲಿ ಹತ್ತಿರ ಹತ್ತಿರ ಅರ್ಧ ಹುಸಿ! ಪ್ರತಿಯೊಂದರ ಪಿ-ಮೌಲ್ಯವೂ 0.05ಕ್ಕಿಂತ ಕಡಿಮೆಯೇ ಇದೆ, ಆದರೂ ಹೀಗೆ.

ಇನ್ನು ನಿದ್ದೆ. ಸ್ಯಾಂಪಲ್ 120, ಅಂದಾಜಿಸಿದ ಗುಣಾಂಕಗಳು ಇಂಟರ್ಸೆಪ್ಟ್ ಸೇರಿ ಐದು, ಹಾಗಾಗಿ ಡಿಗ್ರೀಸ್ ಆಫ್ ಫ್ರೀಡಂ 120 − 5 = 115, ಶೇ. 95ಕ್ಕೆ ಟಿ-ಮಿತಿ ಸುಮಾರು 1.98. ನಿದ್ದೆಯ ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್ (ದತ್ತಾಂಶಕ್ಕೆ ಹೊಂದುವ ಗುಣಾಂಕಗಳ ವ್ಯಾಪ್ತಿ) −0.29ರಿಂದ 2.09. ಓದಿನದ್ದು 0.21ರಿಂದ 2.19. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿದ್ದೆಯ ದತ್ತಾಂಶ ಸೊನ್ನೆಯನ್ನು ತಳ್ಳಿಹಾಕುತ್ತಿಲ್ಲ ಎಂಬುದು ಸರಿ, ಆದರೆ ಗಂಟೆಗೆ ಎರಡು ಅಂಕ ಎಂಬುದನ್ನೂ ತಳ್ಳಿಹಾಕುತ್ತಿಲ್ಲ. 'ಪರಿಣಾಮವಿಲ್ಲ' ಎಂದು ಬರೆಯಲು ಇಡೀ ಇಂಟರ್ವಲ್ ಸೊನ್ನೆಯ ಸುತ್ತ, ವ್ಯವಹಾರದಲ್ಲಿ ಲೆಕ್ಕಕ್ಕೆ ಬಾರದಷ್ಟು ಚಿಕ್ಕ ವ್ಯಾಪ್ತಿಯಲ್ಲಿ ಕೂರಬೇಕಿತ್ತು.

ತಕ್ಕಡಿ:
ಮಳೆಹನಿಯವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ 0.05 ಎಂಬ ಗೆರೆಯನ್ನು ಪೂರ್ತಿ ಅಳಿಸಿಹಾಕಬೇಡಿ. ಔಷಧ ಪ್ರಯೋಗಗಳ ವಿಶ್ಲೇಷಣೆ ನನ್ನ ಕೆಲಸ. ಅಲ್ಲಿ ಕೊನೆಗೆ ಹೌದು ಅಥವಾ ಇಲ್ಲ ಎಂದು ಹೇಳಲೇಬೇಕು. ಸಂಖ್ಯಾಶಾಸ್ತ್ರಜ್ಞರಾದ ನೇಮನ್ ಮತ್ತು ಪಿಯರ್ಸನ್ 1933ರಲ್ಲಿ ಕಟ್ಟಿದ ಚೌಕಟ್ಟು ಅಂಥ ನಿರ್ಧಾರಕ್ಕೇ ಇರುವುದು. ಹುಸಿ ಪರಿಣಾಮವನ್ನು ನಿಜವೆಂದು ಒಪ್ಪುವ ತಪ್ಪು ಎಷ್ಟು ಸಲದವರೆಗೆ ಸಹ್ಯ, ನಿಜವಾದ ಪರಿಣಾಮವನ್ನು ಕೈಬಿಡುವ ತಪ್ಪು ಎಷ್ಟು ಸಲದವರೆಗೆ ಸಹ್ಯ ಎಂದು ಮೊದಲೇ ತೀರ್ಮಾನಿಸಿ, ಅದಕ್ಕೆ ತಕ್ಕ ಸ್ಯಾಂಪಲ್ ಗಾತ್ರ ಆರಿಸಿ, ಆಮೇಲೆ ನಿಯಮಕ್ಕೆ ಬದ್ಧರಾಗಿರಬೇಕು. ಗೆರೆ ಮೊದಲೇ ಎಳೆದಿದ್ದರೆ ಮಾತ್ರ ಅದಕ್ಕೆ ಬೆಲೆ.

ಮಳೆಹನಿ:
ಅದೇ ನನ್ನ ಮಾತೂ ಕೂಡ, ತಕ್ಕಡಿ ಸರ್. ನಿಮ್ಮ ಪ್ರಯೋಗದಲ್ಲಿ ಒಂದೇ ಮುಖ್ಯ ಊಹೆ, ಯಾದೃಚ್ಛಿಕ ಹಂಚಿಕೆ, ಮೊದಲೇ ನೋಂದಾಯಿಸಿದ ಯೋಜನೆ ಇರುತ್ತದೆ. ಇಲ್ಲಿ ಅವ್ಯಾವುವೂ ಇಲ್ಲ, ನಾಲ್ಕು ಸಾಲಿನ ಟೇಬಲ್ ಇದೆ. 1925ರ ಪುಸ್ತಕದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಸುಮಾರು ಎರಡರಷ್ಟನ್ನು ಅನುಕೂಲಕರ ಮಿತಿ ಎಂದು ಸೂಚಿಸಿದ ಸಂಖ್ಯಾಶಾಸ್ತ್ರಜ್ಞ ಫಿಶರ್ ಅವರೇ 1956ರಲ್ಲಿ, ಯಾವ ವಿಜ್ಞಾನಿಯೂ ವರ್ಷದಿಂದ ವರ್ಷಕ್ಕೆ ಎಲ್ಲ ಸಂದರ್ಭಗಳಲ್ಲೂ ಒಂದೇ ಸ್ಥಿರ ಮಟ್ಟವನ್ನು ಹಿಡಿದು ಊಹೆಗಳನ್ನು ತಿರಸ್ಕರಿಸುವುದಿಲ್ಲ ಎಂಬರ್ಥದಲ್ಲಿ ಬರೆದರು. ಪರಿಶೋಧನೆಯ ಟೇಬಲ್‌ಗೆ ನಿರ್ಧಾರದ ನಿಯಮ ಅಂಟಿಸಿದಾಗ ತೊಂದರೆ ಶುರುವಾಗುತ್ತದೆ.

ತಕ್ಕಡಿ:
ಅಷ್ಟಕ್ಕೆ ನನ್ನ ತಕರಾರಿಲ್ಲ. ಹೊಸಬೇರು ಅವರೇ, ಪವರ್ ಬಗ್ಗೆ ಒಂದು ಮಾತು, ಏಕೆಂದರೆ ನಿದ್ದೆಯ ಸಾಲಿಗೆ ಅದೇ ಮುಖ್ಯ. ನಿದ್ದೆಯ ನಿಜವಾದ ಪರಿಣಾಮ ಗಂಟೆಗೆ 1 ಅಂಕ ಎಂದಿಟ್ಟುಕೊಳ್ಳಿ. ನಿಮ್ಮ ಸ್ಟ್ಯಾಂಡರ್ಡ್ ಎರರ್ 0.6 ಇರುವಾಗ ಇಂಥ ಅಧ್ಯಯನವನ್ನು ಮತ್ತೆ ಮತ್ತೆ ಮಾಡಿದರೂ ನೂರರಲ್ಲಿ ಸುಮಾರು 38 ಸಲ ಮಾತ್ರ ಪಿ 0.05ಕ್ಕಿಂತ ಕೆಳಗೆ ಬರುತ್ತದೆ. ಅಂದರೆ ಪರಿಣಾಮ ಇದ್ದೂ ಸ್ಟಾರ್ ಬಾರದಿರುವುದೇ ಹೆಚ್ಚು. ಸ್ಟ್ಯಾಂಡರ್ಡ್ ಎರರ್ ಅರ್ಧಕ್ಕಿಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟಾಗಬೇಕು, ಸುಮಾರು 480 ವಿದ್ಯಾರ್ಥಿಗಳು.

ಆದರೆ ಈ ಲೆಕ್ಕಕ್ಕೆ ನಿಮಗೆ ಬಂದ 0.9 ಅನ್ನೇ ನಿಜವಾದ ಪರಿಣಾಮ ಎಂದು ಹಾಕಬೇಡಿ. ಕಂಡ ಗುಣಾಂಕದಿಂದಲೇ ಲೆಕ್ಕ ಹಾಕಿದ ಪವರ್, ಪಿ-ಮೌಲ್ಯವನ್ನೇ ಇನ್ನೊಂದು ವೇಷದಲ್ಲಿ ತೋರಿಸುತ್ತದೆ. ಪಿ ಸರಿಯಾಗಿ 0.05 ಬಂದರೆ ಆ 'ಪವರ್' ಯಾವಾಗಲೂ ಶೇ. 50ರ ಆಸುಪಾಸು. ಹೊಸ ಮಾಹಿತಿ ಏನೂ ಇಲ್ಲ. ಹೋನಿಗ್ ಮತ್ತು ಹೈಸಿ 2001ರಲ್ಲೇ ಇದನ್ನು ವಿವರವಾಗಿ ತೋರಿಸಿದ್ದಾರೆ. ಎಷ್ಟು ಅಂಕದ ವ್ಯತ್ಯಾಸ ನಿಮ್ಮ ಕ್ಷೇತ್ರದಲ್ಲಿ ಮುಖ್ಯ ಎಂಬುದನ್ನು ವಿಷಯಜ್ಞಾನದಿಂದ ಆರಿಸಬೇಕು.

ಗಣಿತಪ್ರಿಯೆ:
"ಓದು ನಿದ್ದೆಗಿಂತ ಮುಖ್ಯ" ಎಂಬ ವಾಕ್ಯವನ್ನು ಯಾರೂ ಮುಟ್ಟಲಿಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತಿದೆ. ಒಂದು ಸಾಲಿಗೆ ಸ್ಟಾರ್ ಇದೆ, ಇನ್ನೊಂದಕ್ಕಿಲ್ಲ ಎಂದಮಾತ್ರಕ್ಕೆ ಎರಡರ ನಡುವೆ ವ್ಯತ್ಯಾಸವಿದೆ ಎಂದು ಸಾಬೀತಾಗುವುದಿಲ್ಲ. ಗೆಲ್ಮನ್ ಮತ್ತು ಸ್ಟರ್ನ್ 2006ರಲ್ಲಿ ಇದನ್ನೇ ವಿಷಯವಾಗಿಸಿ ಪ್ರಬಂಧ ಬರೆದರು. ವ್ಯತ್ಯಾಸದ ಬಗ್ಗೆ ಮಾತಾಡಬೇಕಾದರೆ ವ್ಯತ್ಯಾಸವನ್ನೇ ಪರೀಕ್ಷಿಸಬೇಕು: 1.2 − 0.9 = 0.3. ಇದರ ಸ್ಟ್ಯಾಂಡರ್ಡ್ ಎರರ್‌ಗೆ ಎರಡೂ ಗುಣಾಂಕಗಳ ವೇರಿಯನ್ಸ್ (ಸ್ಟ್ಯಾಂಡರ್ಡ್ ಎರರ್‌ನ ವರ್ಗ) ಕೂಡಿಸಿ, ಅವುಗಳ ಕೋವೇರಿಯನ್ಸ್‌ನ (ಎರಡು ಅಂದಾಜುಗಳು ಒಟ್ಟಿಗೆ ಏರಿಳಿಯುವ ಅಳತೆ) ಎರಡರಷ್ಟನ್ನು ಕಳೆದು, ವರ್ಗಮೂಲ ತೆಗೆಯಬೇಕು. ಆ ಕೋವೇರಿಯನ್ಸ್ ಸಾಮಾನ್ಯ ಟೇಬಲ್‌ನಲ್ಲಿ ಕಾಣುವುದಿಲ್ಲ, ಸಾಫ್ಟ್‌ವೇರ್‌ನಿಂದ ಬೇರೆಯಾಗಿ ಕೇಳಿ ಪಡೆಯಬೇಕು. ಅದೆಷ್ಟು ಬಂದಿದೆ ಹೇಳಿ. ಜೊತೆಗೆ, ನಿದ್ದೆಯನ್ನು ತೆಗೆದರೆ ಓದಿನ ಸಾಲು ಏನಾಗುತ್ತದೆ ಎಂಬುದನ್ನೂ ಹಾಕಿ. ಕೋಚಿಂಗ್ ಹಾಗೇ ಇರಲಿ.

ಹೊಸಬೇರು:
ಕೋವೇರಿಯನ್ಸ್ 0.144. ನಿದ್ದೆ ತೆಗೆದು ಓಡಿಸಿದೆ. ಓದಿನ ಗುಣಾಂಕ 1.2ರಿಂದ 0.84ಕ್ಕೆ ಇಳಿಯಿತು, ಸ್ಟ್ಯಾಂಡರ್ಡ್ ಎರರ್ 0.44, ಪಿ = 0.059. ಅನಾವಶ್ಯಕ ವೇರಿಯೆಬಲ್ ತೆಗೆದರೆ ಉಳಿದದ್ದು ಇನ್ನಷ್ಟು ಸ್ಪಷ್ಟವಾಗಬೇಕಲ್ಲವೇ? ಓದಿನ ಸ್ಟಾರ್ ಕೂಡ ಹೋಯಿತು!

ಗಣಿತಪ್ರಿಯೆ:
ಇದು ಬಹಳ ಒಳ್ಳೆಯ ಉದಾಹರಣೆ, ನಿಧಾನವಾಗಿ ನೋಡೋಣ.

ಮೊದಲು ವ್ಯತ್ಯಾಸ. 0.25 + 0.36 − 0.288 = 0.322. ವರ್ಗಮೂಲ ಸುಮಾರು 0.57. ಟಿ = 0.3 / 0.57, ಅಂದರೆ 0.53 ಅಷ್ಟೇ. ಪಿ ಸುಮಾರು 0.60. ಓದಿನ ಒಂದು ಗಂಟೆ ನಿದ್ದೆಯ ಒಂದು ಗಂಟೆಗಿಂತ ಹೆಚ್ಚು ಅಂಕ ತರುತ್ತದೆ ಎನ್ನಲು ಈ ದತ್ತಾಂಶದಲ್ಲಿ ಆಧಾರವೇ ಇಲ್ಲ. ಆ ವಾಕ್ಯವನ್ನು ತೆಗೆದುಬಿಡಿ.

ಈಗ 0.84ರ ಕಥೆ. ಹೆಚ್ಚು ಓದುವವರು ಕಡಿಮೆ ನಿದ್ದೆ ಮಾಡುತ್ತಿದ್ದಾರೆ, ಕೋವೇರಿಯನ್ಸ್ ಧನಾತ್ಮಕವಾಗಿ ಬಂದದ್ದೂ ಅದಕ್ಕೇ. ನಿದ್ದೆಯನ್ನು ಉತ್ತರವಾಗಿಟ್ಟು ಉಳಿದ ಮೂರು ವೇರಿಯೆಬಲ್‌ಗಳ ಮೇಲೆ ರಿಗ್ರೆಶನ್ ಮಾಡಿ ನೋಡಿ, ಓದಿನ ಗುಣಾಂಕ −0.4 ಬರಬೇಕು. ಏಕೆಂದರೆ 1.2 + 0.9 × (−0.4) = 0.84. ಇದು ಅಂದಾಜಲ್ಲ, ಕನಿಷ್ಠ ವರ್ಗ ವಿಧಾನದಲ್ಲಿ ಕರಾರುವಾಕ್ಕಾಗಿ ಹೊಂದುವ ಸಮೀಕರಣ. ನಿದ್ದೆಯನ್ನು ಹೊರಗಿಟ್ಟ ಕೂಡಲೇ, ಒಂದು ಗಂಟೆ ಹೆಚ್ಚು ಓದಿದವನು ಸರಾಸರಿ 0.4 ಗಂಟೆ ಕಡಿಮೆ ಮಲಗಿದ್ದರ ನಷ್ಟವೂ ಓದಿನ ಲೆಕ್ಕಕ್ಕೇ ಜಮೆಯಾಯಿತು.

ಎರಡು ಟೇಬಲ್‌ಗಳೂ ಸರಿಯೇ, ಪ್ರಶ್ನೆ ಬೇರೆ. 1.2 ಎಂಬುದು ಅಷ್ಟೇ ನಿದ್ದೆ ಮಾಡುವ, ಹಿಂದೆ ಅಷ್ಟೇ ಅಂಕ ಪಡೆದ, ಕೋಚಿಂಗ್ ವಿಷಯದಲ್ಲೂ ಒಂದೇ ತರಹದ ಇಬ್ಬರಲ್ಲಿ ಒಬ್ಬರು ಒಂದು ಗಂಟೆ ಹೆಚ್ಚು ಓದಿದಾಗಿನ ಸರಾಸರಿ ವ್ಯತ್ಯಾಸ. 0.84 ಎಂಬುದು ನಿದ್ದೆ ತನ್ನ ಪಾಡಿಗೆ ಬದಲಾಗಲು ಬಿಟ್ಟಾಗಿನ ವ್ಯತ್ಯಾಸ. ಯಾವುದು ಬೇಕು ಎಂಬುದನ್ನು ಸ್ಟಾರ್ ನೋಡಿ ಆರಿಸಲಾಗದು. ಸ್ಟಾರ್ ಇಲ್ಲದ ಸಾಲನ್ನು ತೆಗೆದು ಮತ್ತೆ ಓಡಿಸುವ ಪದ್ಧತಿಗೆ ನನ್ನ ಬಲವಾದ ವಿರೋಧವಿದೆ. ದತ್ತಾಂಶ ನೋಡಿಯೇ ಮಾದರಿ ಆರಿಸಿ, ಆಮೇಲೆ ಅದೇ ದತ್ತಾಂಶದಲ್ಲಿ ಪಿ-ಮೌಲ್ಯ ಓದಿದರೆ, ಆರಿಸುವಾಗ ನಡೆದ ಹುಡುಕಾಟ ಆ ಪಿ-ಮೌಲ್ಯಕ್ಕೆ ಗೊತ್ತೇ ಇರುವುದಿಲ್ಲ. ಯಾವ ಪರಿಣಾಮವೂ ಇಲ್ಲದ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳಲ್ಲಿ ಒಂದಕ್ಕಾದರೂ ಸ್ಟಾರ್ ಬರುವ ಸಂಭವನೀಯತೆ ಸುಮಾರು ಶೇ. 64.

ಕೊನೆಸಾಲು:
ನನಗೆ ಕೋಚಿಂಗ್ ಸಾಲು ಅರ್ಥವಾಗಲಿಲ್ಲ. ಕೋಚಿಂಗ್‌ಗೆ ಹೋದರೆ ಎರಡು ಅಂಕ ಕಡಿಮೆಯಾಗುತ್ತದೆಯೇ? ದುರ್ಬಲ ವಿದ್ಯಾರ್ಥಿಗಳೇ ಹೆಚ್ಚು ಹೋಗುತ್ತಾರೆ, ಅದಕ್ಕೇ ಋಣಾತ್ಮಕ ಎನ್ನೋಣ ಎಂದರೆ, ಹಿಂದಿನ ಅಂಕವನ್ನು ಮಾದರಿಯಲ್ಲಿ ಹಾಕಿ ಅದನ್ನು ಸರಿಪಡಿಸಿದ್ದಾಗಿದೆಯಲ್ಲ?

ಮಳೆಹನಿ:
ಸರಿಪಡಿಸಿದೆಯೋ ಇಲ್ಲವೋ ಎಂಬುದು ಒಂದು ವಿಷಯದ ಮೇಲೆ ನಿಂತಿದೆ. ಹೊಸಬೇರು, ಆ 'ಹಿಂದಿನ ಪರೀಕ್ಷೆ' ನಡೆದದ್ದು ಕೋಚಿಂಗ್ ಶುರುವಾಗುವ ಮೊದಲೋ, ಆಮೇಲೋ?

ಹೊಸಬೇರು:
ವಿವರಣೆಯ ಹಾಳೆಯಲ್ಲಿ ಹೀಗಿದೆ: ಕೋಚಿಂಗ್ ವರ್ಷದ ಆರಂಭದಿಂದ, ಹಿಂದಿನ ಪರೀಕ್ಷೆ ವರ್ಷದ ನಡುವೆ.

ಮಳೆಹನಿ:
ಹಾಗಾದರೆ ಕೋಚಿಂಗ್ ಸಾಲಿಗೆ ಅರ್ಥ ಹೇಳಲು ಹೋಗಲೇಬೇಡಿ. ಕಾರಣ ಎರಡು, ಎರಡೂ ಸೇರಿದಾಗ ಚಿಹ್ನೆಯೇ ತಲೆಕೆಳಗಾಗಬಹುದು.

ಕೋಚಿಂಗ್‌ನಿಂದ ಪ್ರಯೋಜನವಾಗಿದ್ದರೆ ಅದರ ಒಂದು ಭಾಗ ನಡುವರ್ಷದ ಅಂಕದಲ್ಲೇ ಸೇರಿಹೋಗಿದೆ. ಆ ಅಂಕವನ್ನು ಸ್ಥಿರವಾಗಿ ಹಿಡಿದರೆ ಆ ಭಾಗವನ್ನು ನಾವೇ ಅಳಿಸಿದಂತೆ. ಉಳಿಯುವುದು ನಡುವರ್ಷದ ನಂತರದ ಪರಿಣಾಮ ಮಾತ್ರ.

ಎರಡನೆಯದು ಇನ್ನೂ ಸೂಕ್ಷ್ಮ. ನಡುವರ್ಷದಲ್ಲಿ ಇಬ್ಬರೂ 60 ಅಂಕ ಪಡೆದಿದ್ದಾರೆ, ಒಬ್ಬಳು ಕೋಚಿಂಗ್ ನೆರವಿನಿಂದ, ಇನ್ನೊಬ್ಬಳು ಯಾವ ನೆರವೂ ಇಲ್ಲದೆ. ನೆರವಿಲ್ಲದೆ ಅಲ್ಲಿಗೆ ತಲುಪಿದವಳ ಸ್ವಂತ ತಯಾರಿ ಸರಾಸರಿಯಲ್ಲಿ ಹೆಚ್ಚು ಗಟ್ಟಿಯಾಗಿರುತ್ತದೆ, ಅದು ಅಂತಿಮ ಪರೀಕ್ಷೆಯಲ್ಲೂ ಕೆಲಸ ಮಾಡುತ್ತದೆ. ಆ ತಯಾರಿ ನಮ್ಮ ಟೇಬಲ್‌ನಲ್ಲಿ ಇಲ್ಲ. ಹೀಗಾಗಿ ಕೋಚಿಂಗ್ ನಿಜಕ್ಕೂ ಉಪಯೋಗಿಯಾಗಿದ್ದರೂ ಗುಣಾಂಕ −2.1 ಬರಬಹುದು. ಇದು ಸ್ಯಾಂಪಲ್ ಹತ್ತು ಪಟ್ಟು ಮಾಡಿದರೂ ಹೋಗುವ ದೋಷವಲ್ಲ. ಆಗ ತಪ್ಪು ಉತ್ತರವೇ ಇನ್ನಷ್ಟು ಚಿಕ್ಕ ಸ್ಟ್ಯಾಂಡರ್ಡ್ ಎರರ್ ಜೊತೆ ಬರುತ್ತದೆ.

ನಡುವರ್ಷದ ಅಂಕವನ್ನು ತೆಗೆದುಬಿಟ್ಟರೂ ಬಗೆಹರಿಯದು, ಆಗ ಕೊನೆಸಾಲು ಅವರು ಹೇಳಿದ ಸಮಸ್ಯೆ ವಾಪಸ್ ಬರುತ್ತದೆ, ದುರ್ಬಲರೇ ಕೋಚಿಂಗ್‌ಗೆ ಹೋಗುವುದು. ಬೇಕಾದದ್ದು ಕೋಚಿಂಗ್‌ಗೂ ಮೊದಲಿನ ಅಂಕ, ಅದು ಈ ದತ್ತಾಂಶದಲ್ಲಿ ಇಲ್ಲ.

ಕೊನೆಸಾಲು:
ಹಾಗಾದರೆ ಒಂದೇ ಟೇಬಲ್‌ನಲ್ಲಿ ಒಂದು ಸಾಲಿಗೆ ಅರ್ಥ ಹೇಳಬಹುದು, ಪಕ್ಕದ ಸಾಲಿಗೆ ಹೇಳಬಾರದು ಎಂದಾಯಿತಲ್ಲ?

ಮಳೆಹನಿ:
ಹೌದು, ಹಾಗೇ. ವೆಸ್ಟ್ರೈಚ್ ಮತ್ತು ಗ್ರೀನ್‌ಲ್ಯಾಂಡ್ 2013ರಲ್ಲಿ ಸಾಂಕ್ರಾಮಿಕಶಾಸ್ತ್ರದ ಪ್ರಬಂಧಗಳ ಸಂದರ್ಭದಲ್ಲಿ ಇದನ್ನು 'ಟೇಬಲ್ ಎರಡರ ತಪ್ಪು' ಎಂದು ಕರೆದರು. ಒಂದು ವೇರಿಯೆಬಲ್‌ನ ಪರಿಣಾಮ ತಿಳಿಯಲು ಉಳಿದವನ್ನು ಕಂಟ್ರೋಲ್ (ಸ್ಥಿರವಾಗಿ ಹಿಡಿಯುವ ವೇರಿಯೆಬಲ್) ಆಗಿ ಆರಿಸಿರುತ್ತೇವೆ. ಆ ಆಯ್ಕೆ ಆ ಒಂದಕ್ಕೆ ಮಾತ್ರ ಹೊಂದುತ್ತದೆ. ಸಾಫ್ಟ್‌ವೇರ್ ಎಲ್ಲ ಸಾಲುಗಳನ್ನೂ ಒಂದೇ ಅಚ್ಚಿನಲ್ಲಿ ಮುದ್ರಿಸುವುದರಿಂದ ಎಲ್ಲವೂ ಒಂದೇ ಬಗೆಯ ಉತ್ತರ ಎಂಬ ಭ್ರಮೆ ಹುಟ್ಟುತ್ತದೆ. ಹೊಸಬೇರು ಅವರ ಪ್ರಶ್ನೆ ಓದಿನ ಬಗ್ಗೆ ಎಂದಾದರೆ, ನಡುವರ್ಷದ ಅಂಕದ 0.55 ಎಷ್ಟೇ ಸ್ಟಾರ್ ಪಡೆದಿದ್ದರೂ ಅದೊಂದು ಸಾಧನ ಅಷ್ಟೇ. ಅದರ ಬಗ್ಗೆ ಪ್ಯಾರಾ ಬರೆಯುವ ಅಗತ್ಯವಿಲ್ಲ.

ಓದಿನ ಸಾಲೂ ನಿಷ್ಕಳಂಕ ಎಂದಲ್ಲ. ಈಗಿನ ಓದಿನ ಅಭ್ಯಾಸವೇ ನಡುವರ್ಷದ ಮೊದಲೂ ಇದ್ದರೆ ಅಲ್ಲೂ ಇದೇ ಪ್ರಶ್ನೆ ಏಳುತ್ತದೆ. ಓದಿನ ಗಂಟೆಗಳನ್ನು ಯಾವಾಗ ದಾಖಲಿಸಿದರು ಎಂಬುದನ್ನು ವರದಿಯಲ್ಲಿ ತಪ್ಪದೆ ಹೇಳಿ.

ಹೊಸಬೇರು:
ನಡುವರ್ಷದ ನಂತರದ ಎರಡು ತಿಂಗಳ ಸರಾಸರಿ ಎಂದಿದೆ. ಬರೆಯುತ್ತೇನೆ. ಆರ್-ಸ್ಕ್ವೇರ್ 0.48 ಇರುವುದರಿಂದ ಮಾದರಿ ಅರ್ಧವೇ ಸರಿ ಎಂದು ಒಬ್ಬರು ಹೇಳಿದರು, ಅದು ನಿಜವೇ? ಅಂಕಗಳು ನಾರ್ಮಲ್ ಆಗಿ ಹಂಚಿಕೆಯಾಗಿಲ್ಲ ಎಂಬ ಆಕ್ಷೇಪವೂ ಬಂತು.

ತಕ್ಕಡಿ:
ಆರ್-ಸ್ಕ್ವೇರ್ ಮಾದರಿಗೆ ಕೊಡುವ ಮಾರ್ಕ್ಸ್ ಅಲ್ಲ. ಈ ವಿದ್ಯಾರ್ಥಿಗಳ ಅಂಕಗಳಲ್ಲಿರುವ ಏರಿಳಿತದಲ್ಲಿ (ವೇರಿಯನ್ಸ್ ಅಳತೆಯಲ್ಲಿ) ಶೇ. 48 ಈ ನಾಲ್ಕು ವೇರಿಯೆಬಲ್‌ಗಳ ಜೊತೆ ಹೊಂದಿಕೊಂಡು ಬದಲಾಗುತ್ತದೆ, ಅಷ್ಟೇ. ಗುಣಾಂಕ ಸರಿಯೋ ತಪ್ಪೋ ಎಂಬುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಒಬ್ಬ ವಿದ್ಯಾರ್ಥಿಯ ಅಂಕವನ್ನು ಮುನ್ಸೂಚಿಸುವುದು ಗುರಿಯಾದರೆ ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್ 8.4 ನೋಡಿ: ಮುನ್ಸೂಚನೆಗೆ ಎರಡೂ ಕಡೆ ಸುಮಾರು 17 ಅಂಕಗಳ ಅಂತರ ಬಿಡಬೇಕು. ಆ ಕೆಲಸಕ್ಕೆ ಈ ಮಾದರಿ ಒರಟು.

ನಾರ್ಮಲ್ ಆಗಿರಬೇಕಾದದ್ದು ಅಂಕಗಳಲ್ಲ, ರೆಸಿಡ್ಯುಯಲ್‌ಗಳ (ನಿಜವಾದ ಅಂಕಕ್ಕೂ ಮಾದರಿ ಹೇಳಿದ ಅಂಕಕ್ಕೂ ಇರುವ ವ್ಯತ್ಯಾಸ) ಹಿಂದಿರುವ ಎರರ್. 120 ಜನರಿರುವಾಗ ಅದೂ ಗುಣಾಂಕಗಳ ಮಟ್ಟಿಗೆ ದೊಡ್ಡ ಚಿಂತೆಯಲ್ಲ. ಹೆಚ್ಚು ಮುಖ್ಯವಾದದ್ದು ರೆಸಿಡ್ಯುಯಲ್ ಪ್ಲಾಟ್‌ನಲ್ಲಿ ಬಾಗು ಇದೆಯೇ, ಬೀಸಣಿಗೆಯ ಹಾಗೆ ಅಗಲವಾಗುತ್ತಿದೆಯೇ ಎಂಬುದು. ಬಾಗು ಕಂಡರೆ ಸರಳರೇಖೆಯೇ ತಪ್ಪು. ಅಗಲವಾಗುತ್ತಿದ್ದರೆ, ಏರಿಳಿತ ಎಲ್ಲೆಡೆ ಸಮನಾಗಿಲ್ಲದಿದ್ದರೂ ನಡೆಯುವ, ವೈಟ್ ಅವರ 1980ರ ವಿಧಾನದ ಜಾತಿಗೆ ಸೇರಿದ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಬಳಸಿ. ಟೇಬಲ್ ಒಂದನ್ನೇ ನಂಬಬಾರದು ಎನ್ನಲು ಆನ್ಸ್‌ಕೂಂಬ್ 1973ರಲ್ಲಿ ಕೊಟ್ಟ ನಾಲ್ಕು ದತ್ತಾಂಶಗಳನ್ನು ಒಮ್ಮೆ ಚಿತ್ರಿಸಿ ನೋಡಿ. ನಾಲ್ಕರಲ್ಲೂ 11 ಬಿಂದುಗಳು, ಇಂಟರ್ಸೆಪ್ಟ್ 3, ಇಳಿಜಾರು 0.5, ಆರ್-ಸ್ಕ್ವೇರ್ ಸುಮಾರು 0.67. ಒಂದರಲ್ಲಿ ಮಾತ್ರ ಆ ರೇಖೆಗೆ ನಿಜವಾದ ಅರ್ಥವಿದೆ.

ಇನ್ನೊಂದು, ಇದು ಬಹಳ ಜನ ಮರೆಯುವಂಥದ್ದು: ಈ 120 ಜನ ಎಷ್ಟು ತರಗತಿಗಳಿಂದ ಬಂದವರು?

ಹೊಸಬೇರು:
ಆರು ತರಗತಿಗಳು, ತಲಾ 20.

ತಕ್ಕಡಿ:
ಹಾಗಿದ್ದರೆ 120 ಸ್ವತಂತ್ರ ವೀಕ್ಷಣೆಗಳು ಎಂದು ಒಪ್ಪಿಕೊಂಡು ಬಂದ ಓದಿನ ಸ್ಟ್ಯಾಂಡರ್ಡ್ ಎರರ್ 0.5 ಅನುಮಾನಾಸ್ಪದ. ಒಂದೇ ಶಿಕ್ಷಕರು, ಒಂದೇ ತರಗತಿಯ ವಾತಾವರಣ ಹಂಚಿಕೊಂಡವರ ಎರರ್‌ಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಗುಂಪಿನೊಳಗಿನ ಈ ಹೊಂದಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ಲಸ್ಟರ್ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಹಾಕಿ ಎನ್ನುತ್ತಿದ್ದೆ, ಆದರೆ ಆ ವಿಧಾನ ನಿಂತಿರುವುದು ಕ್ಲಸ್ಟರ್‌ಗಳ (ಇಲ್ಲಿ ತರಗತಿಗಳ) ಸಂಖ್ಯೆಯ ಮೇಲೆ. ಆರೇ ಆರು ಇದ್ದಾಗ ಅದು ಸ್ಟ್ಯಾಂಡರ್ಡ್ ಎರರ್ ಅನ್ನು ಸಾಮಾನ್ಯವಾಗಿ ಕಡಿಮೆಯಾಗಿ ತೋರಿಸುತ್ತದೆ. ಸದ್ಯಕ್ಕೆ ತರಗತಿಗಳನ್ನು ಗುರುತಿಸಲು ಐದು ಡಮ್ಮಿ ವೇರಿಯೆಬಲ್‌ಗಳನ್ನು (ಆ ತರಗತಿಯಾದರೆ 1, ಅಲ್ಲದಿದ್ದರೆ 0; ಆರನೆಯದು ಹೋಲಿಕೆಗೆ) ಸೇರಿಸಿ. ಆಗ ಹೋಲಿಕೆ ಒಂದೇ ತರಗತಿಯ ಒಳಗೆ ನಡೆಯುತ್ತದೆ.

ಹೊಸಬೇರು:
ಸೇರಿಸಿದೆ. ಓದು: 1.1, ಸ್ಟ್ಯಾಂಡರ್ಡ್ ಎರರ್ 0.52, ಪಿ = 0.037. ಇಂಟರ್ವಲ್ 0.07ರಿಂದ 2.13. ರೆಸಿಡ್ಯುಯಲ್ ಪ್ಲಾಟ್‌ನಲ್ಲಿ ಬಾಗು ಕಾಣಲಿಲ್ಲ.

ಈಗ ಬರೆದದ್ದು: "ಒಂದೇ ತರಗತಿಯಲ್ಲಿ, ನಡುವರ್ಷದ ಅಂಕ, ನಿದ್ದೆ ಮತ್ತು ಕೋಚಿಂಗ್ ಸಮನಾಗಿರುವ ವಿದ್ಯಾರ್ಥಿಗಳಲ್ಲಿ, ದಿನಕ್ಕೆ ಒಂದು ಗಂಟೆ ಹೆಚ್ಚು ಓದಿದವರ ಅಂತಿಮ ಅಂಕ ಸರಾಸರಿ 1.1 ಹೆಚ್ಚಿದೆ (ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್ 0.07ರಿಂದ 2.13). ದತ್ತಾಂಶವು ತೀರಾ ಚಿಕ್ಕ ವ್ಯತ್ಯಾಸಕ್ಕೂ ಎರಡು ಅಂಕಗಳ ವ್ಯತ್ಯಾಸಕ್ಕೂ ಹೊಂದುತ್ತದೆ. ನಿದ್ದೆಯ ಅಂದಾಜು ಅಸ್ಪಷ್ಟ, ಓದು ಮತ್ತು ನಿದ್ದೆಯ ಗುಣಾಂಕಗಳ ನಡುವೆ ವ್ಯತ್ಯಾಸವಿದೆ ಎನ್ನಲು ಆಧಾರ ಸಿಕ್ಕಿಲ್ಲ. ನಡುವರ್ಷದ ಪರೀಕ್ಷೆ ಕೋಚಿಂಗ್ ಶುರುವಾದ ನಂತರ ನಡೆದದ್ದರಿಂದ ಕೋಚಿಂಗ್ ಗುಣಾಂಕಕ್ಕೆ ಅರ್ಥ ಹೇಳಿಲ್ಲ."

ಗಣಿತಪ್ರಿಯೆ:
ಚೆನ್ನಾಗಿದೆ. ಎರಡು ಸೇರ್ಪಡೆ. ಡಮ್ಮಿ ಇಲ್ಲದ ಮೊದಲ ಮಾದರಿಯನ್ನೂ, ನಿದ್ದೆ ತೆಗೆದಾಗ 0.84 ಬಂದದ್ದನ್ನೂ ಅನುಬಂಧದಲ್ಲಿ ಹಾಕಿ. ಎಷ್ಟು ಮಾದರಿ ಓಡಿಸಿದಿರಿ, ಯಾವ ಕ್ರಮದಲ್ಲಿ ಎಂಬುದು ಓದುಗರಿಗೆ ತಿಳಿಯಬೇಕು, ಏಕೆಂದರೆ ಕೊನೆಯ 0.037ಕ್ಕೆ ಮುಂಚೆ ನಾವು ಇಷ್ಟು ತಿದ್ದಾಡಿದ್ದೇವೆ. ಇನ್ನೊಂದು, ಓದು ಮತ್ತು ನಿದ್ದೆಯ ಹೋಲಿಕೆಯನ್ನು ಮೊದಲ ಮಾದರಿಯ ಕೋವೇರಿಯನ್ಸ್‌ನಿಂದ ಮಾಡಿದ್ದೆವು. ಡಮ್ಮಿ ಇರುವ ಮಾದರಿಯಲ್ಲಿ ಅದನ್ನು ಹೊಸದಾಗಿ ಲೆಕ್ಕ ಹಾಕಿ, ಆ ಸಂಖ್ಯೆಯನ್ನೇ ಕೊಡಿ.